ಹೊಂದಿಕೊಳ್ಳುತ್ತದೆ ಎಂಬ ಮಾತು

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆವು. ಹಿತ್ತಿಲಿನಲ್ಲಿ ಅವರ ಗೋಲ್ಡನ್ ರಿಟ್ರೀವರ್ ತಳಿಯ ನಾಯಿಯನ್ನು ಕಟ್ಟಿಹಾಕಿದ್ದರು. ನಮ್ಮನ್ನು ಕಂಡೊಡನೆ ಅದು ಎದ್ದು ನಿಂತು, ಬಾಲವನ್ನಷ್ಟೇ ಅಲ್ಲ, ಸೊಂಟದಿಂದ ಹಿಂದಿನ ಇಡೀ ಮೈಯನ್ನೇ ಅಲ್ಲಾಡಿಸುತ್ತ, ಪಕ್ಕದಲ್ಲಿ ಬಿದ್ದಿದ್ದ ಚಪ್ಪಟೆಯಾದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಬಾಯಲ್ಲಿ ಎತ್ತಿಕೊಂಡು ಸರಪಳಿ ಬಿಟ್ಟಷ್ಟು ದೂರ ನಮ್ಮತ್ತ ಬಂದಿತು. ಅದು ತಿರುಗಿ ತಿರುಗಿ ನೆಲದ ಮೇಲೆ ಹುಲ್ಲಿಲ್ಲದ ಒಂದು ವೃತ್ತವೇ ಮೂಡಿತ್ತು. ಮೊಣಕೈಗಳ ಮೇಲೆ ಕೂದಲು ಸವೆದುಹೋಗಿ, ಚರ್ಮ ಬೂದು ಬಣ್ಣಕ್ಕೆ ತಿರುಗಿ ದಡ್ಡುಗಟ್ಟಿತ್ತು. "ಎಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟಿದೆ ನೋಡಿ, ದಿನವಿಡೀ ಕಟ್ಟಿದ್ದರೂ ಒಂದು ಸದ್ದಿಲ್ಲ" ಎಂದು ಮನೆಯವರು ಹೆಮ್ಮೆಯಿಂದ ಹೇಳಿದರು. "ಎಷ್ಟು ಒಳ್ಳೆಯ ನಾಯಿ!" ಎಂದು ನಾನೂ ಹೊಗಳಿದೆ. ಆಗ ಅದು ಉಪಚಾರದ ಮಾತಾಗಿತ್ತು, ಆಡಿ ಮರೆತೆ.

ಕಳೆದ ವರ್ಷ ನಮ್ಮ ಮಕ್ಕಳಿಬ್ಬರೂ ನಾಯಿ ಬೇಕೇ ಬೇಕು ಎಂದು ಹಟ ಹಿಡಿದಾಗ ಆ ಮಾತು ಮತ್ತೆ ನೆನಪಾಗತೊಡಗಿತು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಯಾವ ನಾಯಿ ಎಂಬ ಪ್ರಶ್ನೆಗೆ ಮನೆಯೊಳಗೂ ಹೊರಗೂ ಉತ್ತರ ಒಂದೇ ಇತ್ತು. ಸ್ನೇಹಿತರು, ಸಹೋದ್ಯೋಗಿಗಳು, ಮಕ್ಕಳ ಗೆಳೆಯರ ತಂದೆತಾಯಿಗಳು, ಯಾರನ್ನು ಕೇಳಿದರೂ ಗೋಲ್ಡನ್ ಎನ್ನುತ್ತಿದ್ದರು. ಮಕ್ಕಳಿರುವ ಮನೆಗೆ ಅದಕ್ಕಿಂತ ಒಳ್ಳೆಯ ತಳಿ ಇಲ್ಲ, ಸಿಟ್ಟು ಎಂಬುದೇ ಅದಕ್ಕೆ ಗೊತ್ತಿಲ್ಲ, ಹೇಗಿಟ್ಟರೂ ಹೊಂದಿಕೊಳ್ಳುತ್ತದೆ ಎಂದು ಸೇರಿಸುತ್ತಿದ್ದರು. ಈ ಕೊನೆಯ ಮಾತನ್ನು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಆ ಹಿತ್ತಿಲಿನ ವೃತ್ತ ಬರುತ್ತಿತ್ತು. ಒಂದು ಪ್ರಾಣಿಯ ಬಗ್ಗೆ ನಾವು ಆಡಬಹುದಾದ ಅತ್ಯಂತ ದೊಡ್ಡ ಹೊಗಳಿಕೆಯಲ್ಲಿ ಏನೋ ತೊಡಕಿದೆ ಎನ್ನಿಸುತ್ತಿತ್ತು, ಆದರೆ ಅದು ಏನು ಎಂದು ಹೇಳಲು ಬರುತ್ತಿರಲಿಲ್ಲ.

ಅತ್ತೆ ಕೇಳಿದ ಪ್ರಶ್ನೆ

ಒಂದು ಸಂಜೆ ಎಲ್ಲರೂ ಕೂತು ಈ ವಿಷಯ ಚರ್ಚಿಸಿದೆವು. ನನ್ನ ಪತಿಗೆ ಇದ್ದ ಅನುಮಾನ ಕಚ್ಚುವುದರ ಬಗ್ಗೆ. ನನ್ನದು ಕೂದಲಿನ ಬಗ್ಗೆ. ಮಕ್ಕಳಿಗೆ ಅನುಮಾನವೇ ಇರಲಿಲ್ಲ, ಯಾವತ್ತು ತರುವುದು ಎಂಬುದಷ್ಟೇ ಅವರ ಪ್ರಶ್ನೆ. ಇವುಗಳಿಗೆಲ್ಲ ಉತ್ತರ ಹುಡುಕುವುದು ಕಷ್ಟವಾಗಲಿಲ್ಲ. ಗೋಲ್ಡನ್ ಸಾಮಾನ್ಯವಾಗಿ ಸೌಮ್ಯ ಸ್ವಭಾವದ್ದು ಎಂಬುದು ನಿಜ. ಆದರೆ ಕಚ್ಚುವುದೇ ಇಲ್ಲ ಎಂದು ಯಾವ ತಳಿಯ ಬಗ್ಗೆಯೂ ಭರವಸೆ ಕೊಡಲಾಗದು. ಮಕ್ಕಳಿಗೆ ಆಗುವ ಕಡಿತಗಳಲ್ಲಿ ಎಷ್ಟೋ ಬೀದಿಯ ಅಪರಿಚಿತ ನಾಯಿಯಿಂದಲ್ಲ, ಅವರಿಗೆ ಗೊತ್ತಿರುವ ನಾಯಿಯಿಂದ ಆಗುವಂಥವು. ಅದು ಉಣ್ಣುವಾಗ ಕೈ ಹಾಕುವುದು, ಮಲಗಿದ್ದಾಗ ಮೇಲೆ ಬೀಳುವುದು, ಬಿಗಿದಪ್ಪಿ ಮುಖಕ್ಕೆ ಮುಖ ತರುವುದು, ಇಂಥ ಗಳಿಗೆಗಳಲ್ಲೇ ಅನಾಹುತವಾಗುತ್ತದೆ. ಆದ್ದರಿಂದ ಆರು ವರ್ಷದ ಹುಡುಗನನ್ನೂ ನಾಯಿಯನ್ನೂ ಒಂದು ಕೋಣೆಯಲ್ಲಿ ಬಿಟ್ಟು ನಾವು ಇನ್ನೊಂದು ಕೋಣೆಯಲ್ಲಿ ಇರುವಂತಿಲ್ಲ, ತಳಿ ಯಾವುದೇ ಇರಲಿ.

ಕೂದಲಿನ ವಿಚಾರದಲ್ಲಿ ಅನುಮಾನವೇ ಬೇಡ, ಅದು ಉದುರುತ್ತದೆ. ಈ ನಾಯಿಗೆ ಎರಡು ಪದರದ ಕೂದಲು. ಹೊರಗಿನದು ಉದ್ದವಾಗಿ ನೀರನ್ನು ಜಾರಿಸುವಂಥದ್ದು, ಒಳಗಿನದು ಮೆತ್ತಗೆ ದಟ್ಟವಾಗಿರುವಂಥದ್ದು. ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಿದ್ದು, ವರ್ಷಕ್ಕೆ ಎರಡು ಬಾರಿ ಒಳಪದರ ಕಂತೆ ಕಂತೆಯಾಗಿ ಕಳಚಿಕೊಳ್ಳುತ್ತದೆ. ಸೆಕೆ ಎಂದು ಬೋಳಿಸುವುದು ಒಳ್ಳೆಯದಲ್ಲ, ಏಕೆಂದರೆ ಅದೇ ಕೂದಲು ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ, ಬೋಳಿಸಿದ ಮೇಲೆ ಎಷ್ಟೋ ಸಲ ಮೊದಲಿನಂತೆ ಬೆಳೆಯುವುದೂ ಇಲ್ಲ. ವಾರಕ್ಕೆ ಹಲವು ಸಲ ಬಾಚಬೇಕು, ಬಾಚದಿದ್ದರೆ ಕಿವಿಯ ಹಿಂದೆ, ತೊಡೆಯ ಹಿಂದೆ ಸಿಕ್ಕುಗಟ್ಟುತ್ತದೆ. ಮನೆ ಕಾಯುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಇನ್ನೂ ಸುಲಭ: ಕಳ್ಳ ಬಂದರೆ ಒಂದು ಸಲ ಬೊಗಳಿ, ಆಮೇಲೆ ಅವನಿಗೆ ಚಪ್ಪಲಿ ತಂದುಕೊಡುತ್ತದೆ.

ಇಷ್ಟೆಲ್ಲ ಮಾತು ನಡೆಯುತ್ತಿರುವಾಗ ಅತ್ತೆ ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವರಿಗೆ ಎಪ್ಪತ್ತೆರಡು. ಮಾತಿನ ನಡುವೆ ತಲೆಯೆತ್ತಿ, "ಅಷ್ಟು ದೊಡ್ಡ ಜೀವ ಹಗಲೆಲ್ಲ ಏನು ಮಾಡುತ್ತೆ?" ಎಂದು ಕೇಳಿದರು. ನಾವು ನಕ್ಕೆವು. "ನಿದ್ದೆ ಮಾಡುತ್ತೆ ಅಮ್ಮ" ಎಂದರು ಇವರು. ಅದು ಸುಳ್ಳಲ್ಲ, ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ. ಆದರೆ ಅಂದು ಕೇಳಿದ ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ನಾಯಿ ನಮಗೆ ಏನಾಗಿರುತ್ತದೆ ಎಂಬುದರ ಬಗ್ಗೆ ಇದ್ದವು, ನಾಯಿಗೆ ಏನಾಗುತ್ತದೆ ಎಂದು ಕೇಳಿದ್ದು ಅವರೊಬ್ಬರೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ತಂದುಕೊಡುವ ನಾಯಿ

ತಳಿಯ ಚರಿತ್ರೆಯನ್ನು ನಾನು ಮೊದಲು ಓದಿದ್ದು ಕುತೂಹಲಕ್ಕೆ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿರುವ ಗೀಶಖನ್ ಎಂಬ ಎಸ್ಟೇಟಿನ ಒಡೆಯ ಡಡ್ಲಿ ಮಾರ್ಜೋರಿಬ್ಯಾಂಕ್ಸ್, ಮುಂದೆ ಲಾರ್ಡ್ ಟ್ವೀಡ್‌ಮೌತ್ ಆದವರು, ನೌಸ್ ಎಂಬ ಹಳದಿ ಬಣ್ಣದ ರಿಟ್ರೀವರನ್ನು ಬೆಲ್ ಎಂಬ ಟ್ವೀಡ್ ವಾಟರ್ ಸ್ಪಾನಿಯಲ್ ಹೆಣ್ಣಿನೊಂದಿಗೆ ಕೂಡಿಸಿ 1868ರಲ್ಲಿ ಪಡೆದ ಮರಿಗಳೇ ಇವತ್ತಿನ ಗೋಲ್ಡನ್‌ಗಳ ಮೂಲ. ಆ ಸ್ಪಾನಿಯಲ್ ತಳಿ ಈಗ ಅಳಿದುಹೋಗಿದೆ. ರಷ್ಯದ ಸರ್ಕಸ್ಸಿನ ನಾಯಿಗಳನ್ನು ಕೊಂಡುತಂದು ಈ ತಳಿ ಮಾಡಿದರು ಎಂಬ ರಮ್ಯವಾದ ಕತೆಯೊಂದು ಬಹುಕಾಲ ಓಡಾಡುತ್ತಿತ್ತು, 1952ರಲ್ಲಿ ಟ್ವೀಡ್‌ಮೌತ್ ಅವರ ದಾಖಲೆ ಪುಸ್ತಕದ ವಿವರ ಪ್ರಕಟವಾದ ಮೇಲೆ ಆ ಕತೆ ಬಿದ್ದುಹೋಯಿತು. ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಯಾದ ಬ್ರಿಟನ್ನಿನ ಕೆನೆಲ್ ಕ್ಲಬ್ 1911ರಲ್ಲಿ, ಅಮೆರಿಕದ್ದು 1925ರಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿಕೊಂಡವು.

ಈ ಇಸವಿಗಳಿಗಿಂತ ನನಗೆ ಮುಖ್ಯವೆನಿಸಿದ್ದು ಬೇರೆ ಸಂಗತಿ. ಬೇಟೆಗಾರ ಗುಂಡು ಹೊಡೆದು ಬೀಳಿಸಿದ ಹಕ್ಕಿಯನ್ನು ಪೊದೆಯಿಂದಲೋ ನೀರಿನಿಂದಲೋ ಹೆಕ್ಕಿ, ಹಲ್ಲು ನಾಟದಂತೆ ಹಿಡಿದು ತಂದು ಅವನ ಕೈಗೆ ಒಪ್ಪಿಸುವುದು ಈ ನಾಯಿಯ ಕೆಲಸವಾಗಿತ್ತು. ಕೈಗೆ ಒಪ್ಪಿಸುವುದು ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಹಸಿದ ನಾಯಿಯೊಂದು ಬಿಸಿಯಾರದ ಹಕ್ಕಿಯನ್ನು ಬಾಯಲ್ಲಿ ಹಿಡಿದಿದ್ದರೂ ತಿನ್ನದೆ ತಂದುಕೊಡಬೇಕಾದರೆ, ಆ ಹಕ್ಕಿಗಿಂತ ಆ ಮನುಷ್ಯ ಅದಕ್ಕೆ ಹೆಚ್ಚಾಗಿರಬೇಕು. ಹಾಗೆ ಇರುವ ನಾಯಿಗಳನ್ನೇ ಆರಿಸಿ ಆರಿಸಿ ತಲೆಮಾರುಗಳುದ್ದಕ್ಕೂ ಮರಿ ಮಾಡಿಸಿದ್ದಾರೆ. ಮನುಷ್ಯನ ಮುಖ ನೋಡುತ್ತ ದಿನವಿಡೀ ಅವನ ಪಕ್ಕದಲ್ಲಿ ಕಾಯುವುದು, ಅವನು ಸನ್ನೆ ಮಾಡಿದರೆ ಓಡುವುದು, ಮರಳಿ ಅವನ ಬಳಿಗೇ ಬರುವುದು ಅದರ ರಕ್ತಕ್ಕೆ ಇಳಿದುಬಿಟ್ಟಿದೆ. ಇದನ್ನು ಕಲಿಸುವುದು ಸುಲಭ ಎಂದು ಎಲ್ಲರೂ ಹೇಳುವುದೂ ಇದೇ ಕಾರಣಕ್ಕೆ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ನಾಯಿ ತಳಿಗಳ ಕಲಿಕೆಯ ಪಟ್ಟಿ ಮಾಡಿದಾಗ ಇದು ನಾಲ್ಕನೆಯ ಸ್ಥಾನದಲ್ಲಿತ್ತು. ಅಮೆರಿಕನ್ ಕೆನೆಲ್ ಕ್ಲಬ್ 1977ರಲ್ಲಿ ವಿಧೇಯತೆಯ ಚಾಂಪಿಯನ್ ಎಂಬ ಬಿರುದನ್ನು ಆರಂಭಿಸಿದಾಗ ಅದನ್ನು ಮೊದಲು ಗೆದ್ದ ಮೂರು ನಾಯಿಗಳೂ ಗೋಲ್ಡನ್‌ಗಳೇ.

ನಾವು ಮೆಚ್ಚುವ ಅದರ ಒಳ್ಳೆಯತನವೂ, ಒಂಟಿಯಾಗಿರಲಾರದ ಅದರ ಗುಣವೂ ಬೇರೆ ಬೇರೆಯಲ್ಲ ಎಂಬುದು ಆಗ ನನಗೆ ಅರ್ಥವಾಗತೊಡಗಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ. ತನ್ನ ಪಾಡಿಗೆ ತಾನಿರುವ ಸ್ವಭಾವದ ತಳಿಗಳು ಬೇಕಾದಷ್ಟಿವೆ, ಆದರೆ ಅವು ಮಕ್ಕಳ ಕೈಯಿಂದ ಕಿವಿ ಎಳೆಸಿಕೊಂಡು ಸುಮ್ಮನಿರುವುದಿಲ್ಲ.

ಜೇನು ಬಂದ ಹತ್ತು ದಿನ

ಓದಿ ತಿಳಿಯುವುದಕ್ಕೂ ಮನೆಯಲ್ಲಿ ನೋಡುವುದಕ್ಕೂ ಇರುವ ಅಂತರ ಗೊತ್ತಾದದ್ದು, ಗೆಳತಿಯ ಕುಟುಂಬ ಹತ್ತು ದಿನ ಊರಿಗೆ ಹೋಗಬೇಕಾಗಿ ಬಂದು ಅವರ ನಾಯಿಯನ್ನು ನಮ್ಮಲ್ಲಿ ಬಿಟ್ಟಾಗ. ನಾಲ್ಕು ವರ್ಷದ ಹೆಣ್ಣು ಗೋಲ್ಡನ್, ಹೆಸರು ಜೇನು, ತೂಕ ಇಪ್ಪತ್ತೆಂಟು ಕೆ.ಜಿ. ಈ ತಳಿಯ ಹೆಣ್ಣುಗಳು ಇಪ್ಪತ್ತೈದರಿಂದ ಇಪ್ಪತ್ತೊಂಬತ್ತು, ಗಂಡುಗಳು ಮೂವತ್ತನಾಲ್ಕು ಕೆ.ಜಿ.ಯವರೆಗೂ ತೂಗುತ್ತವೆ ಎಂಬುದನ್ನು ನಾನು ಓದಿದ್ದೆ. ಆದರೆ ಇಪ್ಪತ್ತೆಂಟು ಕೆ.ಜಿ. ಪ್ರೀತಿಯಿಂದ ಕಾಲಿನ ಮೇಲೆ ಒರಗಿದರೆ ಹೇಗಿರುತ್ತದೆ ಎಂಬುದು ಓದಿನಿಂದ ತಿಳಿಯುವುದಲ್ಲ.

ಜೇನು ನಾನು ಹೋದ ಕೋಣೆಗೆಲ್ಲ ಹಿಂದೆಯೇ ಬರುತ್ತಿತ್ತು. ಅಡುಗೆಮನೆಯಲ್ಲಿ ನಿಂತರೆ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿತ್ತು. ಸ್ನಾನಕ್ಕೆ ಹೋದರೆ ಬಾಗಿಲಿನ ಕೆಳಗಿನ ಸಂದಿಗೆ ಮೂಗು ಒತ್ತಿ ಉಸಿರಾಡುವ ಸದ್ದು ಒಳಗೆ ಕೇಳುತ್ತಿತ್ತು. ಮೊದಲ ಎರಡು ದಿನ ನಾನು 'ಅದು' ಎನ್ನುತ್ತಿದ್ದೆ, ಮಕ್ಕಳು ಮೊದಲ ಗಳಿಗೆಯಿಂದಲೇ 'ಅವಳು' ಎನ್ನುತ್ತಿದ್ದರು, ಮೂರನೆಯ ದಿನದಿಂದ ನನ್ನ ಬಾಯಲ್ಲೂ 'ಅವಳು' ಬರತೊಡಗಿತು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ನಡೆಸುತ್ತಿದ್ದೆವು. ಗೆಳತಿ ಹಾಗೆ ಬರೆದಿಟ್ಟು ಹೋಗಿದ್ದಳು. ನಡೆದು ಬಂದ ಮೇಲೂ ಹತ್ತು ನಿಮಿಷದಲ್ಲಿ ಚೆಂಡು ತಂದು ಮಡಿಲಲ್ಲಿ ಇಡುತ್ತಿದ್ದಳು. ಚೆಂಡು ಜೊಲ್ಲಿನಿಂದ ಒದ್ದೆಯಾಗಿ ಭಾರವಾಗಿರುತ್ತಿತ್ತು.

ನಾಲ್ಕನೆಯ ದಿನ ನಮ್ಮ ಲೆಕ್ಕ ತಪ್ಪಿತು. ನಾನೂ ಇವರೂ ಹೊರಗೆ ಇರಲೇಬೇಕಾದ ದಿನ, ಅತ್ತೆ ತಮ್ಮ ತಂಗಿಯ ಮನೆಗೆ ಹೋಗಿದ್ದರು, ಮಕ್ಕಳಿಗೆ ಶಾಲೆ. ಜೇನು ಆರೂವರೆ ಗಂಟೆ ಒಬ್ಬಳೇ ಇದ್ದಳು. ಬೆಳೆದ ನಾಯಿಯನ್ನಾದರೂ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದು ನಮಗೆ ಗೊತ್ತಿತ್ತು, ಆದರೂ ಒಂದು ದಿನ ತಾನೇ ಎಂದುಕೊಂಡೆವು. ಸೋಫಾ ಹರಿದಿರಬಹುದು, ಮೂಲೆಯಲ್ಲಿ ಉಚ್ಚೆ ಹೊಯ್ದಿರಬಹುದು ಎಂದು ಅಂಜುತ್ತಲೇ ನಾನೂ ಮಗಳೂ ಬಾಗಿಲು ತೆರೆದೆವು. ಏನೂ ಹಾಳಾಗಿರಲಿಲ್ಲ. ಬಾಗಿಲಿನ ಒಳಗಡೆ, ಒರಸುಬಟ್ಟೆಯ ಮೇಲೆ, ಚಪ್ಪಲಿ ಗೂಡಿನಿಂದ ತಂದ ನಾಲ್ಕು ಪಾದರಕ್ಷೆಗಳಿದ್ದವು. ನನ್ನದೊಂದು, ಇವರದೊಂದು, ಮಗನ ಆಟದ ಶೂ ಒಂದು, ಅತ್ತೆಯ ಮನೆಯೊಳಗೆ ತೊಡುವ ಮೆತ್ತನೆಯ ಚಪ್ಪಲಿ ಒಂದು. ಒಂದರ ಮೇಲೂ ಹಲ್ಲಿನ ಗುರುತಿರಲಿಲ್ಲ, ಎಲ್ಲವೂ ಒದ್ದೆಯಾಗಿದ್ದವು. ಮಗಳ ಸ್ಯಾಂಡಲನ್ನು ಜೇನು ಬಾಯಲ್ಲಿ ಹಿಡಿದಿದ್ದಳು. ಅದನ್ನು ಬಾಯಿಂದ ಬಿಡದೆಯೇ, ಗಂಟಲಿನಿಂದ ಒಂದು ಬಗೆಯ ಸಣ್ಣ ರಾಗ ಎಳೆಯುತ್ತ, ಇಡೀ ಮೈ ಅಲ್ಲಾಡಿಸುತ್ತ ನಮ್ಮ ಸುತ್ತ ಸುತ್ತಿದಳು.

"ಎಷ್ಟು ಒಳ್ಳೆಯವಳಮ್ಮ ಇವಳು, ಏನೂ ಹಾಳು ಮಾಡಿಲ್ಲ!" ಎಂದಳು ಮಗಳು. ನಾನು ಅಡುಗೆಮನೆಗೆ ಹೋಗಿ ನೋಡಿದೆ. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬಟ್ಟಲು ತುಂಬಿದಂತೆಯೇ ಇತ್ತು. ಊಟ ಎಂದರೆ ಉಳಿದೆಲ್ಲವನ್ನೂ ಮರೆಯುವ ಜೇನು, ಇಟ್ಟುಹೋದ ಊಟವನ್ನು ಮೂಸಿಯೂ ನೋಡಿದಂತಿರಲಿಲ್ಲ. ನಾವು ಬಂದು ಐದು ನಿಮಿಷವಾದ ಮೇಲೆ ಹೋಗಿ ಬಟ್ಟಲಿನ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದಳು. ನಾಯಿಯ ಮನಸ್ಸಿನಲ್ಲಿ ಏನು ನಡೆದಿತ್ತು ಎಂದು ಕಟ್ಟಿ ಹೇಳುವ ಅಭ್ಯಾಸ ನನಗಿಲ್ಲ, ಅಂಥ ಬರಹಗಳನ್ನು ಓದುವಾಗ ನನಗೆ ಮುಜುಗರವೂ ಆಗುತ್ತದೆ. ಆದರೆ ಬಟ್ಟಲು ತುಂಬಿತ್ತು ಎಂಬುದು ಕಣ್ಣಾರೆ ಕಂಡದ್ದು. ಬೊಗಳಿ ರಂಪ ಮಾಡುವ, ಕದ ಗೀರುವ ನಾಯಿಯಾಗಿದ್ದರೆ ನೆರೆಯವರು ಬಂದು ಜಗಳ ತೆಗೆಯುತ್ತಿದ್ದರು, ನಾವು ಎಚ್ಚರಗೊಳ್ಳುತ್ತಿದ್ದೆವು. ಇವಳು ಹಾಗೆ ಮಾಡುವವಳಲ್ಲ. (ಎಲ್ಲ ಗೋಲ್ಡನ್‌ಗಳೂ ಹೀಗೆ ಸುಮ್ಮನಿರುತ್ತವೆ ಎಂದಲ್ಲ. ಒಂಟಿಯಾಗಿ ಬಿಟ್ಟ ಎಳೆಯ ಗೋಲ್ಡನ್ ಕುರ್ಚಿಯ ಕಾಲು ಅಗಿದು ಹಾಕುತ್ತದೆ, ಕಾಲುಚೀಲ ನುಂಗಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯ ತನಕ ಹೋಗುವುದೂ ಉಂಟು.) ಮಗಳ ಮಾತು ಕೇಳಿದಾಗ ನನಗೆ ಹಳೆಯ ಹಿತ್ತಿಲಿನಲ್ಲಿ ನಾನೇ ಆಡಿದ ಮಾತು ಕೇಳಿದಂತಾಯಿತು. ಆ ನಾಯಿಯ ಬಾಯಲ್ಲಿದ್ದದ್ದು ಪ್ಲಾಸ್ಟಿಕ್ ಬಾಟಲಿ, ಏಕೆಂದರೆ ಆ ವೃತ್ತದೊಳಗೆ ತಂದುಕೊಡಲು ಅದಕ್ಕೆ ಸಿಕ್ಕಿದ್ದು ಅದೊಂದೇ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಏಳನೆಯ ದಿನ ಅತ್ತೆ ಕೋಣೆಯಿಂದ ಹೊರಬರುತ್ತಿದ್ದಾಗ ಜೇನು ಓಡಿಹೋಗಿ ಅವರ ಕಾಲಿಗೆ ಒರಗಿಕೊಂಡಳು. ಅತ್ತೆ ತತ್ತರಿಸಿ ಗೋಡೆ ಹಿಡಿದುಕೊಂಡರು. ಬೀಳಲಿಲ್ಲ. "ಏನಾಯಿತಮ್ಮ?" ಎಂದು ಇವರು ಕೂಗಿದರೆ, "ಏನಿಲ್ಲ, ಏನಿಲ್ಲ" ಎಂದು ನಾಯಿಯ ತಲೆ ಸವರಿದರು. ಅಂದು ನಾನು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ.

ಮರಿ ನೋಡಲು ಹೋದದ್ದು

ಜೇನು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು, ಅದನ್ನು ನಿರಾಕರಿಸುವುದಿಲ್ಲ. ಎರಡೇ ವಾರದಲ್ಲಿ ಮರಿ ಮಾರುವವರೊಬ್ಬರ ಮನೆಗೆ ಹೋದೆವು. ಎಂಟು ಮರಿಗಳು, ಐದು ವಾರದವು, ಒಂದರ ಮೇಲೊಂದು ಬಿದ್ದು ಮಲಗಿದ್ದವು. ಆ ದೃಶ್ಯದ ಮುಂದೆ ನಿಂತು ಯಾರೂ ವಿವೇಕದಿಂದ ಯೋಚಿಸಲಾರರು. ನನ್ನ ಸಲಹೆ ಕೇಳುವವರಿದ್ದರೆ, ಮೊದಲ ಸಲ ಮಕ್ಕಳನ್ನು ಬಿಟ್ಟು ಹೋಗಿ ಎನ್ನುತ್ತೇನೆ. ತಾಯಿಯನ್ನು ನೋಡಬೇಕೆಂದೆ, ಅದಕ್ಕೆ ಒಂದೂವರೆ ವರ್ಷ, ಒಳಗೆ ಮಲಗಿದೆ ಎಂದರು. ತಂದೆ ಬೇರೆಯವರ ಬಳಿ ಇದೆ ಎಂದರು. ಸೊಂಟದ ಎಕ್ಸ್‌ರೇ ಮಾಡಿಸಿದ್ದೀರಾ ಎಂದು ಕೇಳಿದ್ದಕ್ಕೆ, "ಇಷ್ಟು ಸಣ್ಣ ಮರಿಗೆ ಎಕ್ಸ್‌ರೇ ಯಾಕೆ ಮೇಡಂ?" ಎಂದು ನಕ್ಕರು.

ಎಕ್ಸ್‌ರೇ ಮರಿಗಲ್ಲ, ತಂದೆತಾಯಿಗೆ. ತೊಡೆಯೆಲುಬಿನ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದೆ ಸವೆದು ನೋಯುವ ಹಿಪ್ ಡಿಸ್‌ಪ್ಲೇಸಿಯಾ ಎಂಬ ತೊಂದರೆ ಈ ತಳಿಯಲ್ಲಿ ಸಾಮಾನ್ಯ, ಮೊಣಕೈಯಲ್ಲೂ ಇಂಥದ್ದೇ ತೊಂದರೆ ಬರುತ್ತದೆ. ಇದು ಬಹುಮಟ್ಟಿಗೆ ವಂಶದಲ್ಲಿ ಹರಿದುಬರುವುದರಿಂದ, ಜವಾಬ್ದಾರಿಯಿಂದ ಮರಿ ಮಾಡಿಸುವವರು ತಂದೆತಾಯಿಗಳ ಸೊಂಟ, ಮೊಣಕೈ, ಹೃದಯ, ಕಣ್ಣು ಈ ನಾಲ್ಕನ್ನೂ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಂಡಿರುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಸೊಂಟದ ಅಂತಿಮ ಪ್ರಮಾಣಪತ್ರ ಸಿಗುವುದು ನಾಯಿಗೆ ಎರಡು ವರ್ಷ ತುಂಬಿದ ಮೇಲೆಯೇ. ಹೀಗಿರುವಾಗ ಒಂದೂವರೆ ವರ್ಷದ ತಾಯಿಯ ಮರಿಗಳಿಗೆ ಯಾವ ಕಾಗದವಿದ್ದೀತು? ಮರಿಯನ್ನು ಮುಂದಿನ ವಾರವೇ ಒಯ್ಯಬಹುದು ಎಂದೂ ಅವರು ಹೇಳಿದರು. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಮತ್ತು ಒಡಹುಟ್ಟಿದವುಗಳಿಂದ ಬಿಡಿಸಿದ ಮರಿ, ಎಷ್ಟು ಗಟ್ಟಿಯಾಗಿ ಕಚ್ಚಬಾರದು ಎಂಬ ಪಾಠವನ್ನೇ ಅರ್ಧಕ್ಕೆ ಬಿಟ್ಟು ಬಂದಿರುತ್ತದೆ. ಆ ಪಾಠದ ಉಳಿದರ್ಧ ಮಕ್ಕಳ ಕೈಗಳ ಮೇಲೆ ನಡೆಯುತ್ತದೆ.

ಕ್ಯಾನ್ಸರಿನ ವಿಷಯ ನನಗೆ ತಿಳಿಸಿದವರು ಪಶುವೈದ್ಯರಾದ ಒಬ್ಬ ಸ್ನೇಹಿತರು. ಅಮೆರಿಕದ ಗೋಲ್ಡನ್ ರಿಟ್ರೀವರ್ ಕ್ಲಬ್ 1990ರ ದಶಕದ ಕೊನೆಯಲ್ಲಿ ನಡೆಸಿದ ಆರೋಗ್ಯ ಸಮೀಕ್ಷೆಯಲ್ಲಿ ಸತ್ತ ನಾಯಿಗಳ ಪೈಕಿ ನೂರಕ್ಕೆ ಸುಮಾರು ಅರವತ್ತು ಕ್ಯಾನ್ಸರಿನಿಂದ ಸತ್ತಿದ್ದವು. ಇದರ ಕಾರಣ ಹುಡುಕಲೆಂದೇ ಮಾರಿಸ್ ಆನಿಮಲ್ ಫೌಂಡೇಷನ್ 2012ರಲ್ಲಿ ಒಂದು ದೀರ್ಘ ಅಧ್ಯಯನ ಆರಂಭಿಸಿ, ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಎಳೆಯ ವಯಸ್ಸಿನಲ್ಲೇ ಸೇರಿಸಿಕೊಂಡು ಅವುಗಳ ಜೀವಮಾನದುದ್ದಕ್ಕೂ ಗಮನಿಸುತ್ತ ಬಂದಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲೂ ಈ ತಳಿಗೆ ಅವಸರ ಸಲ್ಲದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 759 ಗೋಲ್ಡನ್‌ಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಸೊಂಟದ ತೊಂದರೆ ಎರಡು ಪಟ್ಟಿನಷ್ಟು ಕಂಡುಬಂದಿತ್ತು. ಆದರೆ ಅಂಕಿಅಂಶಗಳಿಗಿಂತ ಆ ಸ್ನೇಹಿತರು ಆಡಿದ ಇನ್ನೊಂದು ಮಾತು ನನ್ನಲ್ಲಿ ಉಳಿದಿದೆ. ಹೊಟ್ಟೆಯೊಳಗಿನ ಗುಲ್ಮದಲ್ಲಿ ಗಡ್ಡೆ ಬೆಳೆದು ಒಳಗೇ ರಕ್ತ ಸೋರುತ್ತಿರುವ ಗೋಲ್ಡನ್ ಕೂಡ ತಮ್ಮ ಮೇಜಿನ ಮೇಲೆ ಮಲಗಿ ಬಾಲ ಬಡಿಯುತ್ತದೆ, "ನಿನ್ನೆಯವರೆಗೆ ಚೆನ್ನಾಗಿತ್ತು ಡಾಕ್ಟ್ರೇ" ಎಂದು ಮನೆಯವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ ಎಂದರು. ಬಾಯಿಬಿಟ್ಟು ನೋವು ಹೇಳಿಕೊಳ್ಳದ ಪ್ರಾಣಿಯನ್ನು ಸಾಕುವವರು ಕೈಯಿಂದ ಮೈಯೆಲ್ಲ ತಡವಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು ಎಂಬುದು ಅವರ ಸಲಹೆ.

ಆಯುಸ್ಸು ಹತ್ತರಿಂದ ಹನ್ನೆರಡು ವರ್ಷ. ಮಗಳ ವಯಸ್ಸಿಗೆ ಅದನ್ನು ಕೂಡಿಸಿದರೆ ಹತ್ತೊಂಬತ್ತರಿಂದ ಇಪ್ಪತ್ತೊಂದು. ನಾಯಿಗೆ ನಮ್ಮ ನೆರವು ಅತಿ ಹೆಚ್ಚು ಬೇಕಾಗುವ ಹೊತ್ತಿಗೆ, ಅದನ್ನು ಬೇಕೆಂದು ಹಟ ಹಿಡಿದವಳು ಓದಲೆಂದೋ ಕೆಲಸಕ್ಕೆಂದೋ ಬೇರೆ ಊರಿನಲ್ಲಿರುತ್ತಾಳೆ.

ಕಾಗದದ ಮೇಲಿನ ಒಂದು ದಿನ

ನಿರ್ಧಾರ ಆಗದೆ ಒದ್ದಾಡುತ್ತಿದ್ದ ದಿನಗಳಲ್ಲಿ, ನಾಯಿಯ ಒಂದು ದಿನವನ್ನು ಬರೆದು ತೋರಿಸಿ ಎಂದು ಮಕ್ಕಳಿಗೆ ಹೇಳಿದೆ. ಅವರು ಬಹಳ ಶ್ರದ್ಧೆಯಿಂದ ಗೆರೆ ಎಳೆದು ಬಣ್ಣ ಹಾಕಿ ವೇಳಾಪಟ್ಟಿ ಮಾಡಿದರು. ಆರು ಗಂಟೆಗೆ ವಾಕಿಂಗ್, ಅಪ್ಪ. ಏಳಕ್ಕೆ ಊಟ, ಮಗಳು. ನಾಲ್ಕಕ್ಕೆ ಆಟ, ಇಬ್ಬರೂ. ಐದೂವರೆಗೆ ವಾಕಿಂಗ್, ಅಮ್ಮ. ಎಂಟಕ್ಕೆ ಬಾಚುವುದು, ಮಗಳು. ಎಂಟೂವರೆಯಿಂದ ನಾಲ್ಕರವರೆಗಿನ ದೊಡ್ಡ ಚೌಕದಲ್ಲಿ ಹಸಿರು ಬಣ್ಣದಲ್ಲಿ 'ಅಜ್ಜಿ' ಎಂದು ಒಂದೇ ಪದ ಬರೆದಿದ್ದರು.

ನಾನು ಅದನ್ನು ನೋಡಿ ತಪ್ಪೆಂದು ಭಾವಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನನ್ನ ಮನಸ್ಸಿನಲ್ಲಿದ್ದ ವೇಳಾಪಟ್ಟಿಯಲ್ಲೂ ಆ ಚೌಕದಲ್ಲಿ ಅದೇ ಪದವಿತ್ತು. ಮನೆಯಲ್ಲಿ ಯಾರಾದರೂ ಇರುತ್ತಾರಲ್ಲ ಎಂದು ಎಷ್ಟು ಜನರಿಗೆ ಧೈರ್ಯವಾಗಿ ಹೇಳಿದ್ದೆನೋ! ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದ್ದೆವು. ಅತ್ತೆ ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದರು. ಎರಡು ತಿಂಗಳ ಮರಿಗೆ ಎರಡು ಗಂಟೆಗೊಮ್ಮೆ ಉಚ್ಚೆಗೆ ಹೊರಗೆ ಕರೆದೊಯ್ಯಬೇಕು, ಸೂಜಿಯಂಥ ಹಾಲುಹಲ್ಲಿನಿಂದ ಸೆರಗು ಜಗ್ಗುತ್ತದೆ, ಹಲ್ಲು ಬದಲಾಗುವ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಸಿಕ್ಕಿದ್ದೆಲ್ಲ ಅಗಿಯುತ್ತದೆ, ಎಂಟನೆಯ ತಿಂಗಳಿಗೆ ಮೈ ದೊಡ್ಡದಾಗಿ ಬುದ್ಧಿ ಮಾತ್ರ ಮರಿಯದ್ದೇ ಆಗಿರುತ್ತದೆ, ಎರಡು ವರ್ಷದವರೆಗೂ ಆ ಹುಡುಗಾಟ ಬಿಡುವುದಿಲ್ಲ. ಇದನ್ನೆಲ್ಲ ನಾನು ಓದಿದ್ದೆ, ಅವರಿಗೆ ಹೇಳಿರಲಿಲ್ಲ. ಹೇಳದೆಯೇ ಅವರಿಗೆ ಗೊತ್ತಿತ್ತು.

"ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂದರು. ಸಿಟ್ಟಿನಿಂದಲ್ಲ, ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನು ಹೇಳುವಂತೆ. ಮಗ ಓಡಿ ಬಂದು, "ಅಜ್ಜಿ, ನಿಮಗೆ ಜೇನು ಇಷ್ಟ ಅಲ್ಲವಾ?" ಎಂದ. "ಇಷ್ಟ ಕಣೋ" ಎಂದರು. ಆಮೇಲೆ ಜೇನು ಒರಗಿದಾಗ ಗೋಡೆ ಹಿಡಿದ ಬಲಗೈಯನ್ನು ನಮಗೆ ತೋರಿಸಿದರು. ಮಣಿಕಟ್ಟು ಎರಡು ವಾರ ನೋಯುತ್ತಿತ್ತಂತೆ.

ಆ ರಾತ್ರಿ ನಾನೂ ಇವರೂ ಬಹಳ ಹೊತ್ತು ಮಾತಾಡಿದೆವು. ದಾರಿಗಳು ಇಲ್ಲದಿಲ್ಲ. ಹಗಲು ಹೊತ್ತಿನಲ್ಲಿ ಒಮ್ಮೆ ಬಂದು ನಡೆಸಿಕೊಂಡು ಹೋಗುವವರನ್ನು ಗೊತ್ತುಮಾಡಬಹುದು. ಸಾಕಲಾಗದೆ ಬಿಟ್ಟುಕೊಡುವವರಿಂದ ಐದಾರು ವರ್ಷದ, ಹುಡುಗಾಟ ಕಳೆದ ಗೋಲ್ಡನನ್ನು ತರಬಹುದು, ಮರಿಯ ಮುದ್ದು ಬೇಕೇ ಬೇಕು ಎಂದಿಲ್ಲದವರಿಗೆ ಅದು ಒಳ್ಳೆಯ ದಾರಿ. ಚಿಕ್ಕ ತಳಿ ತಂದರೆ ಅತ್ತೆ ಬೀಳುವ ಭಯ ತಪ್ಪುತ್ತದೆ, ಆದರೆ ಆ ಹಸಿರು ಚೌಕ ಹಾಗೆಯೇ ಉಳಿಯುತ್ತದೆ. ಇವರಿಗೆ ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಮಾಡುವ ಅವಕಾಶ ಸಿಗಬಹುದೆಂಬ ಮಾತಿದೆ. ಸಿಕ್ಕರೆ ಮತ್ತೆ ಕೂತು ಯೋಚಿಸುವುದೆಂದು ನಿಶ್ಚಯಿಸಿದೆವು. ಸಿಗುವವರೆಗೆ ಇಲ್ಲ.

ಮಗಳು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಕಾಗದವನ್ನು ತಾನೇ ಫ್ರಿಜ್ಜಿನಿಂದ ತೆಗೆದು, 'ಅಜ್ಜಿ' ಎಂಬ ಪದವನ್ನು ರಬ್ಬರಿನಿಂದ ಉಜ್ಜಿದಳು. ಹಸಿರು ಬಣ್ಣ ಪೂರ್ತಿ ಹೋಗಲಿಲ್ಲ.

ಮರಿ ಮಾರುವವರಿಗೆ ಫೋನ್ ಮಾಡಿ ಬೇಡ ಎಂದು ತಿಳಿಸಿದೆ. ಕಾರಣ ಕೇಳಿದರು. ಹಗಲು ನೋಡಿಕೊಳ್ಳುವವರಿಲ್ಲ ಎಂದೆ. "ಅದಕ್ಕೆಲ್ಲ ಯೋಚನೆ ಮಾಡಬೇಡಿ ಮೇಡಂ, ಈ ಜಾತಿ ಹೇಗಿಟ್ಟರೂ ಅಡ್ಜಸ್ಟ್ ಆಗುತ್ತೆ" ಎಂದರು. ಹೌದು, ನೋಡಿದ್ದೇನೆ ಎಂದು ಹೇಳಿ ಫೋನ್ ಇಟ್ಟೆ.

ಮುಂದಿನ ತಿಂಗಳು ಗೆಳತಿ ಮತ್ತೆ ಊರಿಗೆ ಹೋಗುತ್ತಾಳೆ, ಜೇನು ಹನ್ನೆರಡು ದಿನ ನಮ್ಮಲ್ಲಿರಬೇಕು. ಈ ಸಲ ಒಪ್ಪಿಕೊಳ್ಳುವ ಮೊದಲು ಅತ್ತೆಯನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಬರಲಿ. ಆದರೆ ಮಧ್ಯಾಹ್ನ ನಾನು ಮಲಗುವ ಹೊತ್ತಿಗೆ ನಿಮ್ಮಲ್ಲೊಬ್ಬರು ಮನೆಯಲ್ಲಿರಬೇಕು" ಎಂದರು. ಆರು ಮಧ್ಯಾಹ್ನಗಳಿಗೆ ನಾನು ಅರ್ಧ ದಿನದ ರಜೆ ಬರೆದುಕೊಟ್ಟಿದ್ದೇನೆ. ಉಳಿದವುಗಳನ್ನು ಇವರು ನೋಡಿಕೊಳ್ಳುತ್ತಾರೆ.